ಇಪ್ಪತ್ಮೂರು

ಬೆಳಗಿನ ಏಳೂ ಕಾಲು. ಮಿಲಾನಿನ ಸ್ಟೇಷನ್ನಿನೆದುರು
ಮಡಿಸಿದ ಹಳದಿ ಕೊಡೆ ಎತ್ತಿ ಹಿಡಿದು
ನಿವೆಸ್ ತಲೆ ಎಣಿಸುತ್ತಾಳೆ.
ಮುಖ ನೋಡುವುದಿಲ್ಲ, ನೋಡಿದರೆ ಲೆಕ್ಕ ತಪ್ಪುತ್ತದೆ.
ಟೋಪಿ, ಬೋಳು, ಹೆರಳು, ಹೆಗಲ ಮೇಲೊಂದು ಮಗು,
ಇಪ್ಪತ್ಮೂರು.
ಕಾಗದದ ಲೋಟ ಹಿಸುಕಿ ಎಸೆದು
ಗ್ವಾಲ್ತಿಯೇರೊ ಗೇರು ಹಾಕುತ್ತಾನೆ.

ಒಂದೇ ಹಗಲು, ಮೂರು ಊರು.
ಕೋಮೋದಲ್ಲಿ ಐವತ್ತು ನಿಮಿಷ,
ಬೆಲ್ಲಾಜಿಯೋದಲ್ಲಿ ಊಟ ಸೇರಿ ಎರಡು ಗಂಟೆ,
ವರೆನ್ನಾದಲ್ಲಿ ಮುಕ್ಕಾಲೇ ಗಂಟೆ, ದಯವಿಟ್ಟು.
ಸರೋವರ ಕವೆಗೋಲಿನ ಹಾಗಿದೆ ಎನ್ನುತ್ತಾಳೆ ಮೈಕಿನಲ್ಲಿ.
ಹೋದ ವರ್ಷ 'ಓಡುವ ಮನುಷ್ಯನ ಹಾಗೆ' ಅನ್ನುತ್ತಿದ್ದಳು.
ಯಾರೂ ನಗಲಿಲ್ಲ, ಬದಲಿಸಿದಳು.
ಮೊದಲು ಈ ಗುಡ್ಡದ ತುಂಬ ಹಿಪ್ಪುನೇರಳೆ,
ಅಟ್ಟದ ಮೇಲೆ ಹುಳು ಮೇಯುವ ಸದ್ದಿಗೆ
ಮಳೆಯೆಂದು ಎದ್ದು ಕಿಟಕಿ ಮುಚ್ಚುತ್ತಿದ್ದರಂತೆ.
ಈಗ ರೇಷ್ಮೆ ಅಂಗಡಿಯಲ್ಲಿದೆ. ಎಡಕ್ಕೆ ಶೌಚಾಲಯ.

ಗುರುವಾರ ಮಾತ್ರ
ವರೆನ್ನಾ ಬಿಡುವಾಗ ಇಪ್ಪತ್ನಾಲ್ಕು.
ಹಿಂದಿನ ಬಾಗಿಲಿನಿಂದ ಎರ್ಮೆಲಿಂದಾ ಹತ್ತಿರುತ್ತಾಳೆ,
ತೊಡೆಯ ಮೇಲೆ ತಗಡಿನ ಡಬ್ಬಿ,
ಡಬ್ಬಿಯಲ್ಲಿ ಬಿಸಿಲಿಗೊಣಗಿಸಿ ಅದುಮಿಟ್ಟ ಮೀನು.
ಒಮ್ಮೆ ಕಣ್ಣಿನ ಡಾಕ್ಟರು ಅನ್ನುತ್ತಾಳೆ, ಒಮ್ಮೆ ತಂಗಿ,
ಒಮ್ಮೆ ಕೋಟಿಗೆ ಗುಂಡಿ ತರಬೇಕು ಅನ್ನುತ್ತಾಳೆ.
ಕೇಳದಿದ್ದರೂ ಹೇಳುತ್ತಾಳೆ.
ರೈಲಿನ ದುಡ್ಡು ಉಳಿದರೆ ಮೂರು ದಿನದ ಬ್ರೆಡ್ಡು,
ಅದನ್ನು ಮಾತ್ರ ಹೇಳುವುದಿಲ್ಲ.
ನಿವೆಸ್ ಎಣಿಸಿ, ಮನಸ್ಸಿನಲ್ಲೇ ಒಂದು ಕಳೆದು,
ಗಟ್ಟಿಯಾಗಿ ಹೇಳುತ್ತಾಳೆ: ಇಪ್ಪತ್ಮೂರು!

ಒಮ್ಮೆ ಮೈಕು 'ಆಳ ನಾನೂರ ಹತ್ತು ಮೀಟರು' ಎಂದಾಗ
ಹಿಂದಿನಿಂದ ಮುದುಕಿಯ ದನಿ:
'ಸುಳ್ಳು. ದೋಣಿಯಲ್ಲಿ ಬಲೆ ಎಳೆವಾಗ
ನನ್ನ ಗಂಡನ ಗಡಿಯಾರ ಬಿತ್ತು ಮಗಳೇ,
ಅದು ಇನ್ನೂ ಇಳೀತಾ ಇದೆ.'
ಇಬ್ಬರು ಪ್ರವಾಸಿಗರು ಅದನ್ನು ಬರೆದುಕೊಂಡರು.

ಆ ಗುರುವಾರ ಗಾಳಿ ಜೋರು. ಮಧ್ಯಾಹ್ನದ ತೆಂಕಣ ಗಾಳಿ
ದೋಣಿಯನ್ನು ಕಟ್ಟೆಗೆ ಕುಟ್ಟಿ ಕುಟ್ಟಿ
ಎಲ್ಲರ ಹೊಟ್ಟೆ ತೊಳಸಿತ್ತು.
ಬಸ್ಸಿನಲ್ಲಿ ಅರ್ಧಕ್ಕರ್ಧ ಮಂದಿ ಕಣ್ಣು ಮುಚ್ಚಿದ್ದರು.
ನಿವೆಸ್ ಬೇಗ ಬೇಗ ಎಣಿಸಿದಳು,
ಇಪ್ಪತ್ಮೂರು, ಸರಿಯಾಗಿತ್ತು.
ಸರಿಯಾಗಿತ್ತಲ್ಲ ಎಂಬುದೇ
ಎರಡನೆಯ ಸುರಂಗದ ಕತ್ತಲಲ್ಲಿ
ಮೀನಿನ ವಾಸನೆಯ ಹಾಗೆ ಮೂಗಿಗೆ ಬಂತು.
ಮುದುಕಿಯನ್ನು ಕಳೆದರೆ ಇಪ್ಪತ್ತೆರಡು!

ಆ ದಾರಿಯಲ್ಲಿ ತಿರುಗುವುದು ಸುಲಭವಲ್ಲ.
ಗ್ವಾಲ್ತಿಯೇರೊ ಬೈದ ಬೈಗುಳಕ್ಕೆ
ಮಗುವಿನ ತಾಯಿ ಅದರ ಕಿವಿ ಮುಚ್ಚಿದಳು,
ಭಾಷೆ ಬಾರದಿದ್ದರೂ.
ಎರ್ಮೆಲಿಂದಾ ಡಬ್ಬಿ ತಬ್ಬಿಕೊಂಡು
ಸೀಟಿನೊಳಗೇ ಸಣ್ಣಗಾದಳು.

ಅವನು ಕಟ್ಟೆಯ ಮೇಲೇ ಇದ್ದ,
ಹೆಲ್ಸಿಂಕಿಯ ಪಿಯಾನೊ ರಿಪೇರಿಯವನು, ತಾಪಾನಿ.
ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಕಾಲು ನೀರಿಗೆ ಬಿಟ್ಟು.
ಫೋನು ಬೂಟಿನೊಳಗೆ ಮಲಗಿತ್ತು.
ಬಸ್ಸು ಹೋದದ್ದು ನೋಡಿದೆ, ಅಂದ.
ಕೂಗಲಿಲ್ಲವೇ?
ಇಲ್ಲ, ನನ್ನ ಬದಲು ಯಾರೋ ಹೋದರಲ್ಲ,
ಲೆಕ್ಕ ಮುಗಿಯಿತೆಂದುಕೊಂಡೆ.
ಒದ್ದೆ ಕಾಲಿಗೇ ಕಾಲುಚೀಲ ಎಳೆಯುತ್ತಾ,
ತುಸು ಬೇಸರದಿಂದಲೇ ಬಂದ.

ಕಚೇರಿಯವರು ಡೀಸೆಲ್ಲಿನ ದುಡ್ಡು
ನಿವೆಸ್‌ಳ ಸಂಬಳದಲ್ಲಿ ಹಿಡಿದರು.
ಮುಂದಿನ ಗುರುವಾರ ಮುದುಕಿ ಬಸ್ಸಿನ ಹತ್ತಿರ ಬಂದಳು,
ಹತ್ತಲಿಲ್ಲ. ಟೈರು ನೋಡುತ್ತಾ ನಿಂತಳು,
ಕೊಳ್ಳುವವಳ ಹಾಗೆ.
ನಿವೆಸ್ ಕೊಡೆಯ ಹಿಡಿಯಿಂದ ಡಬ್ಬಿಯನ್ನೊಮ್ಮೆ ತಟ್ಟಿ
ಮೆಟ್ಟಿಲು ತೋರಿಸಿದಳು.

ಈಗ ಅವಳು ಎಣಿಸುವ ರೀತಿಯೇ ಬೇರೆ.
ಕಣದಲ್ಲಿ ರಾಶಿ ಅಳೆಯುವವರು
ಮೊದಲ ಕೊಳಗಕ್ಕೆ ಒಂದು ಎನ್ನದೆ
ಲಾಭ ಎನ್ನುವ ಹಾಗೆ
ಮೊದಲು ಆ ಬಿಳಿ ತಲೆ, ಅದಕ್ಕೆ ಅಂಕಿಯಿಲ್ಲ.
ಆಮೇಲೆ ಮುಖ ನೋಡಿ ನೋಡಿ, ನಿಧಾನವಾಗಿ,
ಒಂದು,
ಎರಡು,
ಕಿಟಕಿಗೆ ಹಣೆ ಆನಿಸಿದವನು ಮೂರು...