ಅರ್ಧ ಇಂಚಿನ ನೀರು

ನಿವೃತ್ತಿಯ ದಿನ ಬಂದ ಗೋಡೆ ಗಡಿಯಾರವನ್ನು
ಪಳಂಗಪ್ಪ ತಿತಿಮತಿಯ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟರು.
ಸ್ಪ್ಯಾನರ್ ಮಾತ್ರ ಇಟ್ಟುಕೊಂಡರು.

ಮೂವತ್ತನಾಲ್ಕು ವರ್ಷ ಅಣೆಕಟ್ಟೆಯ ತೂಬು ಕಾದವರು
ಈಗ ಹಾಡಿಯ ಹನ್ನೊಂದು ಮನೆಗೆ
ಅರ್ಧ ಇಂಚಿನ ನೀರು ತರಲು
ಜಿಗಣೆಗೆಂದು ಕಾಲಿಗೆ ಸುಣ್ಣ-ಹೊಗೆಸೊಪ್ಪು ಬಳಿದು
ಗುಡ್ಡ ಹತ್ತುತ್ತಾರೆ.
ಸಂಬಳವಿಲ್ಲ. ಟಿ.ಎ. ಇಲ್ಲ.
‘ಬಿಲ್ ಬರೆಯುವ ಕಷ್ಟವೂ ಇಲ್ಲ’ ಎನ್ನುತ್ತಾರೆ.

ಕಳೆದ ವಾರ ನೀರು ನಿಂತಿತು.
ಆನೆ ತುಳಿದಿಲ್ಲ, ಬೇರು ಹೊಕ್ಕಿಲ್ಲ,
ಮೇಲೆ ಊಟೆ ತುಂಬಿಯೇ ಇದೆ.
ಲೆಕ್ಕದ ಪ್ರಕಾರ ಬರಲೇಬೇಕು.
ಔಷಧಿ ಚೀಟಿಯ ಬೆನ್ನಲ್ಲಿ ಮೂರು ಸಲ ಲೆಕ್ಕ ಹಾಕಿದರು,
ಮೂರು ಸಲವೂ ಬಂತು
ಕಾಗದದ ಮೇಲೆ.

ಯರವರ ಚೋಮಿ, ಐದನೇ ಕ್ಲಾಸು,
ಪೈಪಿಗೆ ಕಿವಿಯಿಟ್ಟು ಮೊಣಕಾಲಲ್ಲೇ ಸರಿದು ಸರಿದು
ನಂದಿಮರದ ದಿಬ್ಬದಲ್ಲಿ ನಿಂತಳು:
‘ಇಲ್ಲಿ ಉಸಿರು ಹಿಡ್ಕೊಂಡಿದೆ, ಸಾರ್.’

ಜಾಯಿಂಟ್ ಸಡಿಲಿಸಿದರು.
ಬುಸ್ಸೆಂದಿತು ದಿಬ್ಬ.
ಆಮೇಲೆ ಕೆಂಪು, ಆಮೇಲೆ ನೊರೆ,
ಆಮೇಲೆ ನೀರು.

ಅಂಗಿ ನೆನೆದು ನಿಂತವರು
‘ಇದಕ್ಕೆ ಏರ್ ಲಾಕ್...’ ಎಂದು ಶುರುಮಾಡಿ
ಬಿಟ್ಟುಬಿಟ್ಟರು.
ಡೈರಿಯಲ್ಲಿ ಬರೆದುಕೊಂಡರು:
ದಿಬ್ಬ. ಉಸಿರು. ಚೋಮಿ.

ಸಂಜೆ ಮನೆಗೆ ಬಂದಾಗ
ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ.