ಹದಿನೇಳನೇ ಫೋನು

ಸುಂಕದಕಟ್ಟೆಯಲ್ಲಿ, ಪ್ಲೈವುಡ್ ಅಂಗಡಿಯ ಮೇಲೆ,
ಶೀಟಿನ ಸೂರಿನ ಒಂದು ಕೋಣೆ.
ಚಪ್ಪಲಿ ಸ್ಟ್ಯಾಂಡಿನಂಥ ಕಬ್ಬಿಣದ ಅಟ್ಟಣೆಯಲ್ಲಿ
ನಲವತ್ತು ಫೋನು, ನಲವತ್ತು ವೈರು.
ಡಿಸೆಂಬರಿನಲ್ಲಿ ಕೈ ಕಾಯಿಸಿಕೊಳ್ಳಬಹುದು.

ದಿನಕ್ಕೆ ಎಂಟುನೂರು, ಮಧ್ಯಾಹ್ನ ಪಲಾವ್.
ಕೆಲಸ: ಜನ ಆಗುವುದು.

ಒಂದನೆಯದು ತಿಪಟೂರಿನ ಗೃಹಿಣಿ,
ಒಂಬತ್ತು, ಮಾತುಮಾತಿಗೂ ಸೆಲ್ಯೂಟು ಹೊಡೆಯುವ ಮಾಜಿ ಯೋಧ,
ಇಪ್ಪತ್ತೆರಡು, ಮೊನ್ನೆಯಷ್ಟೇ ಹದಿನೆಂಟು ತುಂಬಿದ ಹುಡುಗಿ.
ಅವಳ ಕಾಗುಣಿತ ತಪ್ಪಬೇಕು, ಮರೆಯಬೇಡಿ
ಎನ್ನುತ್ತಾನೆ ಜಯಸಿಂಹ.
ತಪ್ಪಿದ್ದರೆ ನಂಬುತ್ತಾರೆ.

ಒಂಬತ್ತೂಕಾಲಿಗೆ ಒಂದು ಸಾಲು ಬರುತ್ತದೆ, ಮೇಲಿಂದ.
ಮೇಲೆ ಅಂದರೆ ಯಾರೋ. ಕೇಳಿಲ್ಲ ನಾನು.
ಒಂಬತ್ತೂವರೆಗೆ ಕುದಿಯಬೇಕು,
ಕುದಿಯುತ್ತದೆ.
ಹತ್ತಕ್ಕೆ ಟಿವಿಯಾತ ಗಂಟಲು ಹರಿದುಕೊಳ್ಳುತ್ತಾನೆ:
‘ಕೆರಳಿದೆ ನಾಡು!’
ನಾಡು ನಾಲ್ಕು ಜನ, ಕಾಫಿಗೆ ಕೆಳಗಿಳಿಯುತ್ತೇವೆ.

ಒಮ್ಮೆ ರಾತ್ರಿಪಾಳಿಯಲ್ಲಿ
ಐದಕ್ಕೂ ಮೂವತ್ತೊಂದಕ್ಕೂ ಜಗಳ ಹಚ್ಚಿದೆ.
ಬಲಗೈ ಇದು, ಎಡಗೈ ಅದು.
ಆಮೇಲೆ ನಿಜವಾದವರು ಬಂದು ಸೇರಿಕೊಂಡರು,
ಬೆಳಕು ಹರಿಯುವವರೆಗೆ ಒಬ್ಬರನ್ನೊಬ್ಬರು ಬಗೆದರು.
ನಾನು ಆಗಲೇ ಮಲಗಿದ್ದೆ.

ಕಳೆದ ಸೋಮವಾರ ಗಿರಾಕಿ ಬದಲಾಯಿತು.
ಅದೇ ಗೃಹಿಣಿ, ಅದೇ ಯೋಧ
ಹಿಂದಿನ ವಾರ ಯಾರ ಪಾದದ ಧೂಳಾಗಿದ್ದರೋ
ಅವರ ಅಜ್ಜನ ಮೂಳೆ ಅಗೆದರು.
ಯಾಕೆಂದು ಯಾರೂ ಕೇಳಲಿಲ್ಲ.

ಹದಿನೇಳನೆಯದು ನನ್ನ ಕೈಕೂಸು:
ಶ್ರೀಪಾದ ರಾವ್, ನಿವೃತ್ತ ಮುಖ್ಯೋಪಾಧ್ಯಾಯರು, ಜಯನಗರ.
ಮುಖ ಮಾತ್ರ ಕಾಮಾಕ್ಷಿಪಾಳ್ಯದ ಲೈಟುಕಂಬದ್ದು.
ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸು,
ಹಾರ ಕತ್ತರಿಸಿ ತೆಗೆದಿದ್ದೆ,
ಕೆಳಗಿದ್ದ ಹೆಸರನ್ನೂ.
ನಂಬುವಂಥ ಮುಖ. ಚಿಲ್ಲರೆ ಎಣಿಸಿ ಕೊಟ್ಟಂಥ ನಗು.
ಹದಿನಾಲ್ಕು ಸಾವಿರ ಜನ ಅವರ ಹಿಂದೆ.

ನಿನ್ನೆ ಒಂದು ಮೆಸೇಜು. ನಳಿನಾ ಸಿ. ಎಂಬಾಕೆ:
‘ಸರ್ ಯಾರು ನೀವು
ಈ ಫೋಟೋ ನಮ್ಮಪ್ಪಂದು
ಚಿಕ್ಕಹೊನ್ನಯ್ಯ ಅಂತ, ಕಂಡಕ್ಟರ್ ಆಗಿದ್ರು
ಬನೀನ್ ಮೇಲೆ ಶರ್ಟ್ ಹಾಕ್ಕೋ ಅಂತ ಹೇಳಿ
ನಾನೇ ತೆಗೆದಿದ್ದು
ಅವರು ಯಾರಿಗೂ ಹಂಗೆಲ್ಲ ಬಯ್ದವರಲ್ಲ’

ಸ್ವಲ್ಪ ಹೊತ್ತಿಗೆ ಇನ್ನೊಂದು:
‘ಫೋಟೋ ಇರ್ಲಿ ಬಿಡಿ. ಮಾತು ತೆಗೀರಿ.’

ಜಯಸಿಂಹನಿಗೆ ತೋರಿಸಬಾರದಿತ್ತು. ತೋರಿಸಿದೆ.
ಅಷ್ಟರಲ್ಲಿ ಆಕೆ ಎರಡೂ ಫೋಟೋ ಪಕ್ಕಪಕ್ಕ ಇಟ್ಟು
ಊರಿಗೆಲ್ಲ ಕಾಣುವಂತೆ ಹಾಕಿದ್ದಳು.
‘ಎಲ್ಲ ಫೋನಿಂದಲೂ ದೂರು ಒತ್ರಪ್ಪ’ ಎಂದ
ಬಾಯಿತುಂಬ ಪಲಾವ್.

ದೂರಿಗೆ ಕಾರಣ ಆರಿಸಬೇಕು, ಪಟ್ಟಿ ಇರುತ್ತದೆ.
‘ಬೇರೊಬ್ಬರ ವೇಷದಲ್ಲಿದ್ದಾರೆ’
ಅದನ್ನೇ ಒತ್ತಿದೆವು.
ಗೃಹಿಣಿ ಒತ್ತಿದಳು, ಯೋಧ ಒತ್ತಿದ,
ತಪ್ಪು ಕಾಗುಣಿತದ ಹುಡುಗಿ ತಪ್ಪದೆ ಒತ್ತಿದಳು.
ಹದಿನೇಳಕ್ಕೆ ಬಂದಾಗ ಪರದೆ ಆರಿತ್ತು,
ಅದರಲ್ಲಿ ಕಂಡದ್ದು ನನ್ನ ಮೂಗು.
ತಟ್ಟಿದೆ. ಎದ್ದರು.
ಅಪ್ಪ ಮಗಳ ಮೇಲೆ ದೂರು ಕೊಟ್ಟರು.

ಮೂರೂ ಹತ್ತಕ್ಕೆ ಆಕೆ ಇರಲಿಲ್ಲ.
ಬೂದು ಬಣ್ಣದ ಒಂದು ತಲೆ, ಕಣ್ಣು ಬಾಯಿ ಇಲ್ಲದ್ದು.

ಸಂಜೆ ಬಸ್ಸಿನಲ್ಲಿ ಐವತ್ತರ ನೋಟು ಕೊಟ್ಟೆ.
ಟಿಕೆಟ್ಟಿನ ಬೆನ್ನಿಗೆ ಗೀಚಿದ ಕಂಡಕ್ಟರು: 30.
‘ಇಳಿಯುವಾಗ ಕೇಳಿ ಇಸ್ಕೊಳ್ಳಿ, ಮರೆತ್ರೆ ನನ್ನ ಬಯ್ಬೇಡಿ.’
ಎರಡು ಸ್ಟಾಪು ಮೊದಲೇ
ಹಿಂದಿನ ಬಾಗಿಲಿಂದ ಇಳಿದುಬಿಟ್ಟೆ.

ಟಿಕೆಟ್ಟು ಇನ್ನೂ ಜೇಬಿನಲ್ಲಿದೆ.
ಯಾರು ಯಾರಿಗೆ ಕೊಡಬೇಕು ಅಂತ ಬರೆದಿಲ್ಲ,
ಬರೀ ಅಂಕಿ.