ಲಗಾಮು ಬಿಟ್ಟ ಕೈ

ನಗರಸಭೆಯವರು ಕುದುರೆಗಳನ್ನು ಒಯ್ದದ್ದು ಒಂದು ಬುಧವಾರ.
ದುಮಾನ್ ಹಡಗಿನ ಹಲಗೆ ಹತ್ತಲೊಲ್ಲದೆ
ಹಿಂದಕ್ಕೆ ಜಗ್ಗಿತು. ಕೆಸ್ತಾನೆ ಮಾತ್ರ
ಮದುವೆಗೆ ಹೊರಟವಳ ಹಾಗೆ ಸುಮ್ಮನೆ ಹತ್ತಿತು.
ನನಗೆ ಐವತ್ತೇಳು. ಕೈಗೊಂದು ಚೆಕ್ಕು.
ಸಾರೋಟಿನ ಗಾಲಿಗಳೆರಡು ಈಗ
ಯಾವುದೋ ಹೋಟೆಲಿನ ಗೋಡೆಗೆ ಅಲಂಕಾರ.

ಹೇಬೆಲಿ ಅಂದರೆ ಜೀನಿನ ಜೋಳಿಗೆ ಹೊತ್ತದ್ದು.
ಎರಡು ಗುಡ್ಡ, ನಡುವೆ ತಗ್ಗು,
ಕುದುರೆಯ ಬೆನ್ನಿಗೆ ಇಳಿಬಿಟ್ಟಂತಿದೆ ನಮ್ಮ ದ್ವೀಪ.
"ಜೋಳಿಗೆ ಉಳಿಯಿತು, ಕುದುರೆ ಹೋಯಿತು" ಅನ್ನುತ್ತಿದ್ದೆ
ಚಹದಂಗಡಿಯಲ್ಲಿ. ನಗುತ್ತಿದ್ದರು.
ಎರಡು ಚಳಿಗಾಲ ಅದನ್ನೇ ಅಂದೆ.
ಆಮೇಲೆ ಯಾರೂ ನಗಲಿಲ್ಲ.

ಲಾಯದಲ್ಲಿ ಬಾಡಿಗೆ ಸೈಕಲ್ಲು ಇಟ್ಟೆ.
ಪಂಚರು, ಚೈನು, ಬ್ರೇಕಿನ ತಂತಿ.
ಸೈಕಲ್ಲಿಗೆ ಹಸಿವಿಲ್ಲ. ಅದಕ್ಕೇ
ಐದಕ್ಕೆ ಎಚ್ಚರಾಗುವವನಿಗೆ ಐದಕ್ಕೆ ಕೆಲಸವಿಲ್ಲ.
ಖಾಲಿ ಗೋದಲಿಯ ಮುಂದೆ ನಿಂತು
ಒಂದು ಸಿಗರೇಟು ಸೇದಿ
ಮತ್ತೆ ಬಂದು ಮಲಗುವುದು.

ಆಗ ಬಂದವಳು ಮುಯೆಸ್ಸೆರ್.
ಅಂಚೆ ಕಚೇರಿಯ ಮೂರನೇ ಕಿಟಕಿಯಲ್ಲಿ
ಮೂವತ್ತೊಂದು ವರ್ಷ ಮುದ್ರೆ ಒತ್ತಿ ಒತ್ತಿ
ಬಲಭುಜ ತುಸು ವಾಲಿದವಳು.
"ಸೈಕಲ್ ಬೇಕು."
ಮೊಮ್ಮಗನಿಗೆ?
"ನನಗೆ."
ಬರುತ್ತದಾ?
"ಬಂದಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ?"

ಐವತ್ತೊಂಬತ್ತರ ಮೈ ಬೀಳುವುದಕ್ಕೆ ಅಷ್ಟು ಹೆದರುವುದಿಲ್ಲ,
ಬಿದ್ದದ್ದನ್ನು ನೋಡುವವರಿಗೆ ಹೆದರುತ್ತದೆ.
ಹಾಗಾಗಿ ನಸುಕಿನ ಐದೂವರೆ, ಮೊದಲ ಫೆರಿಗೆ ಮುಂಚೆ,
ಪೈನ್ ಮರಗಳ ಹಿಂದಿನ ದಾರಿ.
ಸೀಟಿನ ಹಿಂಬದಿ ಹಿಡಿದು ಓಡಿದೆ ನಾನು,
ನಲವತ್ತು ವರ್ಷ ಕೂತೇ ದುಡಿದವನು!
ಎಳೆಯುವವರ ಪಾಡು ಏನೆಂದು
ದುಮಾನ್ ಎಂದೂ ಹೇಳಿರಲಿಲ್ಲ,
ಮೊಣಕಾಲು ಹೇಳಿತು.

ಬಿದ್ದಳು. ಮುಳ್ಳುಕಂಟಿಯಲ್ಲಿ, ಮರಳಲ್ಲಿ,
ಒಮ್ಮೆ ಬೆಕ್ಕಿನ ಮೇಲೆ. ಬೆಕ್ಕು ಇನ್ನೂ ಕ್ಷಮಿಸಿಲ್ಲ.
ಬೈದಳು ನನ್ನನ್ನು, ಸೈಕಲ್ಲನ್ನು, ಗುಡ್ಡವನ್ನು,
ಹನ್ನೊಂದರ ಹುಡುಗಿಗೆ "ಹೆಣ್ಣುಮಕ್ಕಳು ಹತ್ತಬಾರದು"
ಎಂದಿದ್ದ, ಸತ್ತು ಎಷ್ಟೋ ಕಾಲವಾದ ಅಪ್ಪನನ್ನು.
ಅಪ್ಪನನ್ನು ಬೈದ ದಿನ
ಹ್ಯಾಂಡಲ್ ನೆಟ್ಟಗಾಯಿತು.

ಕೈ ಯಾವಾಗ ಬಿಟ್ಟೆ? ನನಗೂ ಗೊತ್ತಾಗಲಿಲ್ಲ.
ಲಗಾಮಿನವನಿಗೆ ಹಿಡಿಯುವುದೊಂದೇ ವಿದ್ಯೆ.
ಬಿಡುವುದನ್ನು ಹಡಗುಕಟ್ಟೆಯಲ್ಲಿ ಕಲಿಸಿದ್ದರು,
ಸಹಿ ಹಾಕಿಸಿಕೊಂಡು.
ಇಲ್ಲಿ ಬೆರಳು ತಾವೇ ಸಡಿಲಿದವು.
ಇಳಿಜಾರಿನಲ್ಲಿ ಅವಳ ದನಿ:
"ಹಿಡಿದಿದ್ದೀಯಾ, ನಿಯಾಜಿ?"
"ಹಿಡಿದಿದ್ದೇನೆ" ಎಂದೆ
ನೂರು ಗಜ ಹಿಂದೆ, ಸೊಂಟಕ್ಕೆ ಕೈಕೊಟ್ಟು ನಿಂತು.

ಈಗ ಗುಡ್ಡದ ಮೇಲಿನ ಮನೆಗಳಿಗೆ
ಔಷಧಿ ಒಯ್ಯುತ್ತಾಳೆ ಮುಯೆಸ್ಸೆರ್.
ಮೂವತ್ತೊಂದು ವರ್ಷ ಬರೀ ವಿಳಾಸ ಓದಿದ್ದೆ,
ಬಾಗಿಲುಗಳನ್ನು ಈಗ ನೋಡುತ್ತಿದ್ದೇನೆ ಅನ್ನುತ್ತಾಳೆ.
ಹದಿನಾರನೆಯ ಮನೆಯದು ನೀಲಿಯಂತೆ;
ಅದನ್ನವಳು ಹಸಿರು ಅಂದುಕೊಂಡಿದ್ದಳಂತೆ.

ಅವಳ ಬೆನ್ನಿಗೆ ಇನ್ನೂ ಆರು ಜನ ಬಂದರು.
ಒಬ್ಬಳು ದಂತವೈದ್ಯೆ. ಇಬ್ಬರು ಅಕ್ಕತಂಗಿಯರು,
ಪರಸ್ಪರ ಮಾತಿಲ್ಲ, ಒಂದೇ ಸೈಕಲ್ಲು.
ಗೋದಲಿಯಲ್ಲಿ ಹೆಲ್ಮೆಟ್ಟುಗಳು.
ಐದಕ್ಕೆ ಎದ್ದರೆ ಬಾಗಿಲಲ್ಲಿ ಆಗಲೇ ಯಾರೋ ಕೆಮ್ಮುತ್ತಾರೆ.

ಕುದುರೆಗಳನ್ನು ಮರೆತೆಯಾ ಎಂದು ಕೇಳುತ್ತಾರೆ.
ಕಿವಿಗೆ ಮರೆವಿಲ್ಲ; ಮಳೆ ಬಿದ್ದ ಕಲ್ಲುದಾರಿಯಲ್ಲಿ
ಇವತ್ತಿಗೂ ಎಂಟು ಗೊರಸು ಎಣಿಸುತ್ತೇನೆ.
ಮೊನ್ನೆ ಇಗರ್ಜಿಯಲ್ಲಿ ಮೇಣದಬತ್ತಿ ಮಾರುವ ಎಫ್ತಾಲಿಯಾ,
ಎಪ್ಪತ್ತೆರಡು, ಸೀಟಿಗೇರಿ ಕೂತಾಗ
ನನಗರಿಯದೆ ನಾಲಗೆ ಟಕ್ಕೆಂದಿತು,
ದುಮಾನ್‌ಗೆ ಹೇಳುತ್ತಿದ್ದ ಹಾಗೆ.
ಅವಳು ತಿರುಗಿ, ಕನ್ನಡಕ ಸರಿಪಡಿಸಿಕೊಂಡು ಕೇಳಿದಳು:
"ಅದು ನಡೆ ಅಂತಲೋ,
ನಿಲ್ಲು ಅಂತಲೋ?"